ಇಂಗ್ಲಿಷ್ ಪರೀಕ್ಷೆ ಅಂದರೆ ತಂಗಿಗೆ ಬಾಯಿ ಕಟ್ಟುತ್ತದೆ, ಹೇಗೆ ಸಹಾಯ ಮಾಡಲಿ?

ತಂಗಿಗೆ ಮುಂದಿನ ತಿಂಗಳು ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಇದೆ, ಬರೆಯಲು ಬರುತ್ತದೆ, ಮಾತಾಡು ಅಂದರೆ ಕೈ ಬೆವರಿ ಸುಮ್ಮನಾಗುತ್ತಾಳೆ, ನಿಮ್ಮ ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೇ ಅಂತ ಬರೆದಿದ್ದೀರಿ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ದಿನಾ ಹತ್ತು ನಿಮಿಷ ಎದುರು ಕೂತು ಅವಳ ಮಾತು ಕೇಳಿದರೆ ಸಾಕು. ಆದರೆ ನಡುವೆ ತಿದ್ದಬಾರದು.

ನಮ್ಮ ಮನೆ ಉಡುಪಿಯಲ್ಲಿ, ಮಲ್ಪೆ ಹತ್ತಿರ. ಪಕ್ಕದ ಮನೆ ಹುಡುಗಿ ನರ್ಸಿಂಗ್ ಮುಗಿಸಿ ಇಂಗ್ಲೆಂಡಿಗೆ ಹೋಗಲು ಓದುತ್ತಿದ್ದಳು. ಅಲ್ಲಿ ನರ್ಸ್ ಆಗಿ ಹೆಸರು ನೋಂದಾಯಿಸಲು ರೈಟಿಂಗ್‌ನಲ್ಲಿ 6.5, ಉಳಿದ ಮೂರರಲ್ಲೂ (ಓದುವುದು, ಕೇಳುವುದು, ಮಾತಾಡುವುದು) 7 ಬ್ಯಾಂಡ್, ಅಂದರೆ ಅಂಕ, ಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಹಾಗಾಗಿ ತುಳುವಿನಲ್ಲಿ ಯೋಚಿಸಿ, ಮನಸ್ಸಿನಲ್ಲೇ ಇಂಗ್ಲಿಷ್ ಮಾಡಿ, ಗ್ರಾಮರ್ ಸರಿಯಿದೆಯಾ ನೋಡಿ, ಆಮೇಲೆ ಬಾಯಿ ತೆರೆಯುತ್ತಿದ್ದಳು. ಅಷ್ಟರಲ್ಲಿ ಹೇಳಬೇಕಾದ್ದೇ ಮರೆತುಹೋಗುತ್ತಿತ್ತು. ಜೊತೆಗೆ ನಾವೆಲ್ಲ ಒಂದೊಂದು ತಪ್ಪಿಗೂ ತಡೆದು ತಿದ್ದುತ್ತಿದ್ದೆವು. ಅವಳ ಹೆದರಿಕೆ ನಮ್ಮಿಂದಲೇ ಜಾಸ್ತಿ ಆಯಿತು ಅಂತ ಈಗಲೂ ನನಗೆ ನೋವಿದೆ.

ಸ್ಪೀಕಿಂಗ್ ನಡೆಯುವುದು 11ರಿಂದ 14 ನಿಮಿಷ. ನಡುವೆ ಒಂದು ಕಾರ್ಡ್ ಕೊಡುತ್ತಾರೆ. ಒಂದು ನಿಮಿಷ ಯೋಚಿಸಿ ಗುರುತು ಹಾಕಿಕೊಳ್ಳಬಹುದು. ಆಮೇಲೆ ಎರಡು ನಿಮಿಷದವರೆಗೆ ಒಬ್ಬಳೇ ಮಾತಾಡಬೇಕು. ಇವಳು ನಡುಗುತ್ತಿದ್ದದ್ದು ಇಲ್ಲಿಯೇ. ಒಂದು ಸಂಜೆ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಟೈಮರ್ ಇಟ್ಟೆ. ವಿಷಯ, ನಿನಗೆ ಗೌರವ ಇರುವ ಒಬ್ಬ ಹಿರಿಯರು. ಅವಳು ಚೀಟಿಯಲ್ಲಿ ಬರೆದದ್ದು ನಾಲ್ಕೇ ಪದ: ಅಜ್ಜಿ, ಬುಟ್ಟಿ, ಐಸ್, ಬಸ್. ಮಲ್ಪೆ ಬಂದರಿನಿಂದ ಮೀನು ತಂದು ಮನೆಮನೆಗೆ ಮಾರುತ್ತಿದ್ದ ಅಜ್ಜಿ. ನಲವತ್ತು ಸೆಕೆಂಡಿಗೆ ನಿಂತಳು.

"ಅಕ್ಕ, ಮುಂದೆ ಬರ್ತಾ ಇಲ್ಲ."

"ಬುಟ್ಟಿ ತುಂಬ ಭಾರ ಇತ್ತಾ?" ಅಂತ ಕನ್ನಡದಲ್ಲೇ ಕೇಳಿದೆ.

ಉತ್ತರ ಇಂಗ್ಲಿಷ್‌ನಲ್ಲಿ ಬಂತು. ಐಸ್ ಕರಗಿ ಅಜ್ಜಿಯ ಹೆಗಲು ಯಾವಾಗಲೂ ಒದ್ದೆ ಇರುತ್ತಿದ್ದದ್ದು, ಬಸ್ಸಿನಲ್ಲಿ ಹಿಂದೆ ನಿಂತೇ ಬರುತ್ತಿದ್ದದ್ದು, ಎಲ್ಲ ಹೇಳಿದಳು. ಕ್ರಿಯಾಪದ ಒಂದೆರಡು ಕಡೆ ತಪ್ಪಿತ್ತು. ನಾನು ಬಾಯಿ ಬಿಡಲಿಲ್ಲ. ಹತ್ತು ದಿನದಲ್ಲಿ ಎರಡು ನಿಮಿಷ ದಾಟಿತು. ತನ್ನ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ತಪ್ಪುಗಳನ್ನು ಅವಳೇ ಹಿಡಿದಳು.

ಇನ್ನು ಕೆಲವು ವಿಷಯ ತಂಗಿಗೆ ಗೊತ್ತಿದ್ದರೆ ಅರ್ಧ ಭಯ ಇಳಿಯುತ್ತದೆ. ನಮ್ಮ ಕರಾವಳಿ ಉಚ್ಚಾರಕ್ಕೆ ಅಂಕ ಹೋಗುವುದಿಲ್ಲ, ಮಾತು ಸ್ಪಷ್ಟವಾಗಿ ತಿಳಿದರೆ ಆಯಿತು. ಪ್ರಶ್ನೆ ಕೇಳಿಸದಿದ್ದರೆ ಇನ್ನೊಮ್ಮೆ ಹೇಳಿ ಅನ್ನಬಹುದು. ಅವಳ ಅಭಿಪ್ರಾಯ ಸರಿಯೋ ತಪ್ಪೋ ಅಂತ ಅಂಕ ಕೊಡುವುದಿಲ್ಲ. ಲಿಸನಿಂಗ್‌ನಲ್ಲಿ ಆಡಿಯೋ ಒಂದೇ ಸಲ ಹಾಕುತ್ತಾರೆ, ಒಂದು ಉತ್ತರ ತಪ್ಪಿಹೋದರೆ ಬಿಟ್ಟು ಮುಂದಿನದಕ್ಕೆ ಹೋಗಲಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಖಾಲಿ ಬಿಡುವುದು ಬೇಡ.

ಮನೆಯ ಮಾತೂ ಮುಖ್ಯ. ಊಟಕ್ಕೆ ಕೂತಾಗ ಫೀಸು, ಸಾಲ, "ಯಾರ ಮಗಳಿಗೆ ಎಷ್ಟು ಬ್ಯಾಂಡ್ ಬಂತು" ಇವೆಲ್ಲ ಬೇಡ ಅಂತ ಹಿರಿಯರಿಗೆ ನೀವೇ ಹೇಳಿ. ಅವಳು ಹೇಳಲಾರಳು, ಅಲ್ವಾ? ಈ ಪರೀಕ್ಷೆಯಲ್ಲಿ ಪಾಸು-ಫೇಲು ಅಂತ ಇಲ್ಲ, ಬೇಕಾದರೆ ಮತ್ತೆ ಬರೆಯಬಹುದು. ಇದನ್ನು ಪರೀಕ್ಷೆಗೆ ಮೊದಲೇ ಅವಳಿಗೆ ಹೇಳಿಬಿಡಿ.

ಕೊನೆಯ ಎರಡು ದಿನ ಮಾಕ್ ಟೆಸ್ಟ್ ಬೇಡ, ಸರಿಯಾಗಿ ನಿದ್ದೆ ಮಾಡಲಿ. ಆಗುವುದಾದರೆ ಆ ದಿನ ಜೊತೆಗೆ ಹೋಗಿ. ನಮ್ಮ ಪಕ್ಕದ ಮನೆ ಹುಡುಗಿಗೆ ಸೆಂಟರ್ ಸಿಕ್ಕಿದ್ದು ಮಂಗಳೂರಿನಲ್ಲಿ, ಜೊತೆಗೆ ನಾನು ಹೋಗಿದ್ದೆ. ದಾರಿಯಲ್ಲಿ ಪುಸ್ತಕವನ್ನು ಬ್ಯಾಗಿನಿಂದ ತೆಗೆಯಲು ಬಿಡಲಿಲ್ಲ. ಮೂಲ್ಕಿ ಸೇತುವೆ ಬಂದಾಗ ಕಿಟಕಿಯಿಂದ ಏನು ಕಾಣುತ್ತದೆ ಹೇಳು ಅಂದೆ. ಹೊಳೆ, ದೋಣಿ, ತೆಂಗಿನ ತೋಟ ಅಂತ ಶುರುಮಾಡಿದವಳು ಸುರತ್ಕಲ್ ತನಕ ಇಂಗ್ಲಿಷ್‌ನಲ್ಲೇ ಮಾತಾಡಿದಳು.

ಇವತ್ತು ಸಂಜೆಯೇ ಶುರುಮಾಡಿ. ಮೊದಲ ದಿನಕ್ಕೆ ಅವಳಿಗೆ ಇಷ್ಟದ ಒಂದು ಅಡುಗೆ ಬಗ್ಗೆ ಕೇಳಿ. ನಿಂತರೆ ಕನ್ನಡದಲ್ಲೇ ಒಂದು ಸಣ್ಣ ಪ್ರಶ್ನೆ ಹಾಕಿ.