ಪೇಟೆಯ ಲೆಕ್ಕ: ಓದುಗರ ಪ್ರಶ್ನೆ, ಗುಮಾಸ್ತನ ಉತ್ತರ

ಹುಬ್ಬಳ್ಳಿ ಪೇಟೆಯ ಅಂಗಡಿಗಳಿಗೆ ಲೆಕ್ಕ ಬರೆದು ನಿವೃತ್ತರಾದ ಗುಮಾಸ್ತರೊಬ್ಬರು ಈ ಅಂಕಣದಲ್ಲಿ ಓದುಗರಿಗೆ ಉತ್ತರಿಸುತ್ತಾರೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತಕರಾರಿನವು: ಪೇಟೆಗೆ ಜನ ಬರುತ್ತಿಲ್ಲ.

ಪ್ರಶ್ನೆ: ಜವಳಿ ಸಾಲಿನ ಹತ್ತಿರ ನಮ್ಮದು ಹಳೇ ಸೀರೆ ಅಂಗಡಿ. ಬಂದವರು ಹತ್ತಿಪ್ಪತ್ತು ಸೀರೆ ಬಿಚ್ಚಿಸುತ್ತಾರೆ, ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳುತ್ತಾರೆ, "ಆನ್‌ಲೈನಿನ್ಯಾಗ ಇದಕ್ಕಿಂತ ಸೋವಿ ಐತ್ರಿ" ಎಂದು ಎದ್ದು ಹೋಗುತ್ತಾರೆ. ಅಂಗಡಿ ಮುಚ್ಚೋಣ ಎಂದರೆ ಅಪ್ಪ ಊಟ ಬಿಡುತ್ತಾರೆ. ಏನು ಮಾಡಲಿ?
– ಹೆಸರು ಬೇಡ ಎಂದವರು, ಹುಬ್ಬಳ್ಳಿ

ಉತ್ತರ: ತಮ್ಮಾ, ಮುಚ್ಚಬೇಕೋ ನಡೆಸಬೇಕೋ ಎಂಬುದನ್ನು ಅಪ್ಪನ ಹಟವೂ ಹೇಳುವುದಿಲ್ಲ, ನಿಮ್ಮ ಬೇಸರವೂ ಹೇಳುವುದಿಲ್ಲ. ಖತಾವಣಿ ತೆಗೀರಿ. ನಮ್ಮ ಪೇಟೆಯವರು ಎಂದೂ ಬರೆಯದ ಎರಡು ಖರ್ಚು ಅದರಲ್ಲಿ ಬರೀರಿ. ಕಟ್ಟಡ ಸ್ವಂತದ್ದಾದರೆ, ಬೇರೆಯವರಿಗೆ ಕೊಟ್ಟಿದ್ದರೆ ಎಷ್ಟು ಬಾಡಿಗೆ ಬರುತ್ತಿತ್ತು ಅದು ಒಂದು. ನೀವೂ ಅಪ್ಪನೂ ಬೆಳಗಿನಿಂದ ರಾತ್ರಿವರೆಗೆ ಕೂಡುತ್ತೀರಲ್ಲ, ಆ ಸಂಬಳ ಇನ್ನೊಂದು. ಇವೆರಡನ್ನೂ ಬಿಟ್ಟು "ಏನೋ ಲಾಭದಾಗ ಅದೇವಿ" ಎನ್ನುವ ಅಂಗಡಿಗಳ ಲೆಕ್ಕ ನಾನು ಬೇಕಾದಷ್ಟು ಬರೆದಿದ್ದೇನೆ. ಆ ಲಾಭ ಅಂಗಡಿಯದಲ್ಲ, ಅಜ್ಜ ಕಟ್ಟಿದ ಗೋಡೆಯದು.

ಆಮೇಲೆ ಮಾಡಿನ ಮೇಲಿನ ಗಂಟುಗಳನ್ನು ಇಳಿಸಿರಿ. ಎರಡು ದೀಪಾವಳಿ ಕಂಡ ಸೀರೆ ಎಷ್ಟಿವೆ, ಎಣಿಸಿರಿ. ಜವಳಿ ಅಂಗಡಿ ಕೆಡುವುದು ಗಿರಾಕಿ ಬರದಿದ್ದಕ್ಕಿಂತ ಹೆಚ್ಚಾಗಿ ಮಾಲು ಕೂತು ಬ್ಯಾಂಕಿನ ಬಡ್ಡಿ ತಿನ್ನುವುದರಿಂದ. ಆ ಮಾಲನ್ನು ಅಸಲಿಗೂ ಕಡಿಮೆಗೆ ಹಾಕಿ ರೊಕ್ಕ ಮಾಡಿಕೊಳ್ಳಿರಿ. ಅಪ್ಪ "ಇದು ಒಂದು ದಿನ ಹೋಗತೈತಿ" ಅಂದೇ ಅನ್ನುತ್ತಾರೆ. ಆ ದಿನಕ್ಕೆ ಕಾಯುವಷ್ಟು ಬಡ್ಡಿ ಕಟ್ಟಬಲ್ಲಿರಾ ಎಂದು ಕೇಳಿರಿ.

ಇನ್ನು ಮೊಬೈಲು. ಫೋಟೊ ಹೊಡೆಯುವವರ ಮೇಲೆ ಸಿಟ್ಟಾಗಬೇಡಿರಿ. ಒಂದೊಂದೇ ಸೀರೆ ಕೊಳ್ಳುವ ಗಿರಾಕಿ ಅರ್ಧಕ್ಕರ್ಧ ಹೋದ ಹಾಗೇ. ನಿಮ್ಮ ಅಂಗಡಿಯನ್ನು ಎತ್ತಿ ಹಿಡಿದಿದ್ದು ಅವರಲ್ಲ, ಮದುವೆ ಜವಳಿಯವರು. ಕುಂದಗೋಳದಿಂದಲೋ ನವಲಗುಂದದಿಂದಲೋ ಬಾಡಿಗೆ ಕ್ರೂಸರ್ ಮಾಡಿಕೊಂಡು ಹಿರಿಯರು, ಹೆಣ್ಣುಮಕ್ಕಳು, ಎರಡು ಕೂಸು ಎಲ್ಲ ಸೇರಿ ಬರುತ್ತಾರೆ. ಕೈಯಲ್ಲಿ ಶಾಲೆಯ ನೋಟಬುಕ್ಕು. ಅದರಲ್ಲಿ ಆಯೇರಿ ಪಟ್ಟಿ: ಮಗಳಿಗೆ ಧಾರೆ ಸೀರೆ, ಬೀಗತಿಗೆ ಒಂದು, ಸೋದರತ್ತೆಯರಿಗೆ ಒಂದೇ ನಮೂನಿ ಮೂರು (ಬಣ್ಣ ಬೇರೆ ಇರಲಿ, ರೇಟು ಒಂದೇ ಇರಲಿ, ಇಲ್ಲದಿದ್ದರೆ ಮದುವೆ ಮನೆಯಲ್ಲಿ ಜಗಳ), ಓಣಿಯವರಿಗೆ ಕಡಿಮೆಯವು ಒಂದು ಗಂಟು, ಜಂಪರ್ ಪೀಸು, ಗಂಡಸರಿಗೆ ಧೋತರ, ಟಾವೆಲ್ಲು. ಯಾರಿಗೆ ಎಷ್ಟರದ್ದು ಎಂಬುದನ್ನು ತೀರ್ಮಾನಿಸಲು ಅರ್ಧ ದಿನ ಬೇಕು. ನಡುವೆ ಚಹಾ ಆಗಬೇಕು, ಅತ್ತೆಗೊಂದು ಸಿಟ್ಟು ಬಂದು ಇಳಿಯಬೇಕು. ಮದುವೆ ಮುಗಿದ ಮೇಲೆ ಘಡಿ ಮುರಿಯದ ನಾಲ್ಕು ಸೀರೆ ವಾಪಸ್ ಬಂದರೆ ನೀವು ಮುಖ ಕೆಡಿಸದೆ ತೆಗೆದುಕೊಳ್ಳಬೇಕು. ಯಾವ ಆ್ಯಪಿನಲ್ಲೂ ಇದು ಆಗುವ ವ್ಯವಹಾರವಲ್ಲ.

ಆದರೆ ಈ ಗಿರಾಕಿಯೂ ಪೇಟೆ ಬಿಡುತ್ತಿದ್ದಾನೆ. ಏಕೆ ಎಂದು ನಮ್ಮ ವ್ಯಾಪಾರಿಗಳು ಕೇಳಿಕೊಳ್ಳುವುದೇ ಇಲ್ಲ. ಅವನು ಹೋಗಿದ್ದು ಮೊಬೈಲಿಗಲ್ಲ, ಹೊರಗಿನ ಅಗಲ ರಸ್ತೆಯ ದೊಡ್ಡ ಶೋರೂಮಿಗೆ. ಅಲ್ಲಿ ಕ್ರೂಸರ್ ನಿಲ್ಲಿಸಲು ಜಾಗ ಇದೆ, ಅಜ್ಜಿ ಏರಲು ಲಿಫ್ಟ್ ಇದೆ. ಎಲ್ಲಕ್ಕಿಂತ ಮೊದಲು, ಹೆಣ್ಣುಮಕ್ಕಳಿಗೆ ಸಂಡಾಸು ಇದೆ. ಬೆಳಗ್ಗೆ ಊರು ಬಿಟ್ಟು ಸಂಜೆ ಮುಟ್ಟುವ ಹೆಂಗಸರು ಇಡೀ ದಿನ ನೀರು ಕುಡಿಯದೆ ನಮ್ಮ ಪೇಟೆಯಲ್ಲಿ ಸೀರೆ ಆರಿಸುತ್ತಿದ್ದರು. ಗಾದಿ ಮೇಲೆ ಕೂತವರಿಗೆ ಅದು ಎಂದೂ ಹೊಳೆಯಲಿಲ್ಲ. ನನ್ನ ಮಾತು ಕೇಳುವುದಾದರೆ ಹೊಸ ಬೋರ್ಡಿಗೆ ಇಟ್ಟ ರೊಕ್ಕವನ್ನು ಹಿಂದಿನ ಗೋದಾಮಿನ ಮೂಲೆಯಲ್ಲೊಂದು ಸ್ವಚ್ಛ ಸಂಡಾಸಿಗೆ ಹಾಕಿರಿ.

ಅಪ್ಪನ ಕೈಯಲ್ಲಿರುವ ವಿದ್ಯೆಯನ್ನೂ ಗಿರಾಕಿಯ ಎದುರಿಗೆ ತರಿಸಿರಿ. ಇಳಕಲ್ ಸೀರೆ ಎಂದು ಪವರ್‌ಲೂಮಿನ ಪಾಲಿಸ್ಟರ್ ಮಾರುವವರು ಎಲ್ಲೆಲ್ಲೂ ಇದ್ದಾರೆ, ಫೋಟೊದಲ್ಲಿ ಎರಡೂ ಒಂದೇ. ಸೆರಗು ತಿರುವಿ ತೋರಿಸಲಿ: ಕೈಮಗ್ಗದ ಇಳಕಲ್ಲಿನಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹೂಡಿದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಗೆರೆ ಬೆರಳಿಗೆ ಸಿಗುತ್ತದೆ. ಸಂಶಯ ಉಳಿದರೆ ಅಂಚಿನ ಒಂದು ಎಳೆ ಕಿತ್ತು ಕಡ್ಡಿ ಗೀರಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಇದನ್ನು ನೋಡಿದವರು ರೇಟಿನ ಮಾತು ತುಸು ಕಡಿಮೆ ಆಡುತ್ತಾರೆ. ಹೊಸ ಮಾಲಿನ ಫೋಟೊ ವಾಟ್ಸ್‌ಆ್ಯಪಿಗೆ ಹಾಕುವುದು, ಪುಣೆಯಲ್ಲೋ ಬೆಂಗಳೂರಲ್ಲೋ ಇರುವ ಹಳೇ ಗಿರಾಕಿಯ ಮಗಳಿಗೆ ವಿಡಿಯೊದಲ್ಲಿ ತೋರಿಸುವುದು ನಿಮ್ಮ ಕೆಲಸ. ಅದನ್ನು ಅಪ್ಪನಿಗೆ ಹಚ್ಚಬೇಡಿರಿ.

ಉದ್ರಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹತ್ತಿ, ಮೆಣಸಿನಕಾಯಿ ಮಾರಿದ ಮೇಲೆ ಕೊಡುತ್ತೇವೆ ಎಂದು ಬರೆಸಿದ ಬಾಕಿ ನಿಮ್ಮ ಪುಸ್ತಕದಲ್ಲೂ ಇರಬೇಕು. ನಾನು ನೋಡಿದ ಒಂದು ಪುಸ್ತಕದಲ್ಲಿ ಹೆಸರೇ ಇರಲಿಲ್ಲ: "ನೀರಿನ ಟಾಕಿ ಹತ್ತಿರದ ಮಾಸ್ತರರು", "ಬಿಳೇ ಎತ್ತಿನವರು". ಅವರು ತಾವಾಗಿ ಬಂದು ಕೊಟ್ಟರೆ ಉಂಟು. ಸಾಮಾನ್ಯವಾಗಿ ಇಂಥ ಬಾಕಿಗೆ ಕೋರ್ಟಿಗೆ ಹೋಗಲು ಮೂರು ವರ್ಷದ ಗಡುವು. ಅದರೊಳಗೆ ಬಾಕಿ ಒಪ್ಪಿ ಸಹಿ ಮಾಡಿದರೆ ಗಡುವು ಹೊಸದಾಗಿ ಶುರುವಾಗುತ್ತದೆ. ಸಹಿ ಮಾಡಿಸಿಕೊಳ್ಳಿರಿ.

ಇಷ್ಟೆಲ್ಲ ಮಾಡಿ ಒಂದು ಮದುವೆ ಸೀಜನ್ ನೋಡಿರಿ. ಬಾಡಿಗೆ, ಸಂಬಳ ಬರೆದೂ ಏನಾದರೂ ಉಳಿದರೆ ನಡೆಸಿರಿ. ಉಳಿಯದಿದ್ದರೆ ಮುಂದಿನ ಭಾಗ ಬಾಡಿಗೆಗೆ ಕೊಟ್ಟು, ಹಿಂದೆಯೋ ಮೇಲೆಯೋ ಮದುವೆ ಜವಳಿ ಮಾತ್ರ ಇಟ್ಟುಕೊಳ್ಳಿರಿ. ಅಪ್ಪನಿಗೆ ಕೂಡಲು ಒಂದು ಗಾದಿ ಉಳಿಯುತ್ತದೆ.

ಪ್ರಶ್ನೆ: ನಮ್ಮ ಓಣಿಯ ಕಿರಾಣಿ ಅಂಗಡಿಯ ಕಾಕಾ ನಾನು ಮದುವೆಯಾಗಿ ಬಂದಾಗಿನಿಂದ ಪರಿಚಯ. ಈಗ ಎಣ್ಣೆ, ಸಾಬೂನು, ಬಿಸ್ಕೀಟು ಎಲ್ಲ ಮೊಬೈಲಿನಲ್ಲೇ ತರಿಸುತ್ತೇನೆ. ಡಬ್ಬಿ ತಂದ ಹುಡುಗ ಕಾಕಾನಿಗೇ ನಮ್ಮ ಮನೆ ಯಾವುದು ಎಂದು ಕೇಳುತ್ತಾನೆ. ನಾಚಿಕೆಯಾಗುತ್ತದೆ.
– ಗೃಹಿಣಿ, ಧಾರವಾಡ

ಉತ್ತರ: ಅಕ್ಕಾರೆ, ಸೋವಿ ಸಿಕ್ಕಲ್ಲಿ ಕೊಳ್ಳುವುದು ತಪ್ಪಲ್ಲ. ಕಾಕಾನೂ ಸಗಟು ಮಾಲು ಸೋವಿ ಸಿಕ್ಕಲ್ಲೇ ತರುತ್ತಾನೆ. ತಿಂಗಳ ಸಾಮಾನು ಬೇರೆ ಕಡೆ ರೋಖ ಕೊಟ್ಟು ತಂದು, ಕೊತ್ತಂಬರಿ, ಬೆಂಕಿಪೆಟ್ಟಿಗೆ ಮಾತ್ರ ಕಾಕಾನ ಹತ್ತಿರ ಉದ್ರಿ ಬರೆಸುತ್ತಿದ್ದರೆ, ಹಾಂ, ಆಗ ನಾಚಿಕೆಪಡಿರಿ.

ಪಾಕೀಟಿನ ಮೇಲೆ ಅಚ್ಚಾದ ಎಂಆರ್‌ಪಿ ಗರಿಷ್ಠ ಬೆಲೆ, ಎಲ್ಲ ತೆರಿಗೆ ಸೇರಿದ್ದು. ಕಡಿಮೆಗೆ ಮಾರಬಹುದು, ಹೆಚ್ಚಿಗೆ ಮಾರುವಂತಿಲ್ಲ. ("ಕೂಲಿಂಗ್ ಚಾರ್ಜ್" ಎಂದು ತಂಪು ಪಾನೀಯಕ್ಕೆ ಎರಡು ರೂಪಾಯಿ ಹೆಚ್ಚು ತೆಗೆದುಕೊಳ್ಳುವುದೂ ತಪ್ಪೇ. ನಿಮ್ಮ ಕಾಕಾ ತೆಗೆದುಕೊಳ್ಳುತ್ತಿದ್ದರೆ ಈ ಪುಟ ತೋರಿಸಿರಿ.) ಕಂಪನಿಯ ಪಾಕೀಟು ಮಾಲಿನಲ್ಲಿ ಸಣ್ಣ ಅಂಗಡಿಗೆ ಉಳಿಯುವುದು ಅಷ್ಟರಲ್ಲೇ ಇದೆ, ಅದರಲ್ಲಿ ಅವನು ದೊಡ್ಡವರ ಜೊತೆ ಪಂದ್ಯ ಕಟ್ಟಲಾರ. ವಿದೇಶಿ ಬಂಡವಾಳದ ಆನ್‌ಲೈನ್ ಕಂಪನಿಗಳು ತಮ್ಮದೇ ಮಾಲು ಮಾರುವಂತಿಲ್ಲ, ಮಾರುವವರಿಗೂ ಕೊಳ್ಳುವವರಿಗೂ ನಡುವಿನ ಕಟ್ಟೆಯಾಗಿ ಮಾತ್ರ ಇರಬೇಕು ಎಂದು ಸರಕಾರದ ನಿಯಮವಿದೆ, 2019ರ ಫೆಬ್ರುವರಿ 1ರಿಂದ ಅದನ್ನು ಇನ್ನಷ್ಟು ಬಿಗಿ ಮಾಡಿದರು. ನಿಯಮದಿಂದ ಕಾಕಾನ ಗಲ್ಲಾ ತುಂಬಿದ್ದನ್ನು ನಾನಂತೂ ಕಂಡಿಲ್ಲ.

ಅವನಿಗೆ ನಾಲ್ಕು ಕಾಸು ಉಳಿಯುವುದು ಬಿಡಿ ಮಾಲಿನಲ್ಲಿ: ಜೋಳ, ಶೇಂಗಾ, ಬೆಲ್ಲ, ಪುಠಾಣಿ, ಬ್ಯಾಡಗಿ ಮೆಣಸಿನಕಾಯಿ. ಅವನ್ನು ಕೈಯಲ್ಲಿ ಹಿಡಿದು, ಮೂಸಿ, ಒಂದು ಶೇಂಗಾ ಬಾಯಿಗೆ ಹಾಕಿ ಕೊಂಡರೆ ನಿಮಗೂ ಒಳ್ಳೆಯದು. ಸಾಬೂನನ್ನು ಎಲ್ಲಿಂದ ಬೇಕಾದರೂ ತರಿಸಿರಿ.

ಪ್ರಶ್ನೆ: ಗದಗ ಪೇಟೆಯಲ್ಲಿ ಗಡಿಯಾರ ರಿಪೇರಿ ಅಂಗಡಿ. ಅಪ್ಪ ಪಗಡಿ (ಅಂಗಡಿ ಹಿಡಿಯುವಾಗ ಮಾಲೀಕರಿಗೆ ಕೊಡುವ ಇಡಿಗಂಟು) ಕೊಟ್ಟು ಹಿಡಿದ ಜಾಗ, ಅದಕ್ಕೆ ಪಾವತಿ (ರಸೀದಿ) ಇಲ್ಲ. ಮಾಲೀಕರು ತೀರಿಕೊಂಡರು, ಮಕ್ಕಳು ಕಟ್ಟಡ ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತಾರಂತೆ. ಬಾಯಿಮಾತಿನಲ್ಲಿ ಬಿಡಿ ಎನ್ನುತ್ತಿದ್ದಾರೆ.
– ಓದುಗರು, ಗದಗ

ಉತ್ತರ: ಪಾವತಿ ಇಲ್ಲದ ಪಗಡಿ ವಾಪಸ್ ಸಿಗುವ ಆಸೆ ಬಿಡಿರಿ. ಆದರೆ ಬಾಯಿಮಾತಿಗೆ ಅಂಗಡಿ ಬಿಡುವ ಅಗತ್ಯವೂ ಇಲ್ಲ. ತಿಂಗಳ ಬಾಡಿಗೆಯಾದರೆ ಸಾಮಾನ್ಯವಾಗಿ 15 ದಿನದ ನೋಟಿಸು ಬರಬೇಕು. ನೋಟಿಸು ಬಂದ ಮೇಲೂ ನೀವು ಬಿಡದಿದ್ದರೆ ಅವರು ಕೋರ್ಟಿಗೆ ಹೋಗಬೇಕೇ ವಿನಾ ಬೀಗ ಒಡೆಯುವಂತಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ 14 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳಿಗೆ ಇಲ್ಲ. 14 ಎಂದರೆ ಸುಮಾರು 150 ಚದರ ಅಡಿ. ಗಡಿಯಾರದ ಅಂಗಡಿ ಅದಕ್ಕಿಂತ ಸಣ್ಣದೇ ಇರಬೇಕು. ಬಾಡಿಗೆಯ ಮೊತ್ತವೂ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಟೇಪು ಹಿಡಿದು ಅಳೆದು, ಬಾಡಿಗೆ ಕೊಟ್ಟ ಪುರಾವೆಗಳೊಡನೆ ವಕೀಲರ ಹತ್ತಿರ ಹೋಗಿರಿ. ಬಾಡಿಗೆಯನ್ನು ಈ ತಿಂಗಳಿಂದಲೇ ಬ್ಯಾಂಕಿನ ಮೂಲಕ ಕೊಡಿರಿ.

ಕೇಸು ಗೆಲ್ಲುವುದಕ್ಕಿಂತ ಹೊಸ ಕಾಂಪ್ಲೆಕ್ಸಿನ ಮೆಟ್ಟಿಲ ಕೆಳಗಾದರೂ ಒಂದು ಗೂಡು ಕೇಳಿ ಪಡೆಯುವುದು ಜಾಣತನ. ಒಂದು ವರ್ಷಕ್ಕೆ ಮೀರಿದ ಕರಾರಾದರೆ ನೋಂದಣಿ ಮಾಡಿಸಿರಿ. ಗಡಿಯಾರ ರಿಪೇರಿಗೆ ಮುಂಭಾಗ ಬೇಡ, ಬೆಳಕು ಇದ್ದರೆ ಸಾಕು.

ಪ್ರಶ್ನೆ: ಜಿಎಸ್‌ಟಿ ನೋಟಿಸಿನ ಗದ್ದಲವಾದ ಮೇಲೆ ನಮ್ಮೂರ ಬೇಕರಿಯವರು ಫೋನ್ ಪೇ ಬೋರ್ಡು ತೆಗೆದಿಟ್ಟಿದ್ದಾರೆ. ರೊಕ್ಕ ಕೈಯಲ್ಲೇ ಕೊಡಬೇಕಂತೆ. ಇದರಿಂದ ಅವರಿಗೆ ಲಾಭವೇ?
– ಕಾಲೇಜು ವಿದ್ಯಾರ್ಥಿ, ಹಾವೇರಿ

ಉತ್ತರ: ಇಲ್ಲ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿದ್ದು ನಿಜ. ಹೆದರಿ ಬೋರ್ಡು ಕಿತ್ತವರು ಬಹಳ. ಆದರೆ ಜಿಎಸ್‌ಟಿ ನೋಂದಣಿ ಯಾರಿಗೆ ಕಡ್ಡಾಯ ಎಂಬ ಮಿತಿ ನೋಡುವುದು ಒಟ್ಟು ವಹಿವಾಟನ್ನು, ರೋಖವೂ ಅದರಲ್ಲೇ ಬಂತು. ಬರೀ ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ಮಿತಿ, ಅಂದರೆ ದಿನಕ್ಕೆ ಸುಮಾರು 11 ಸಾವಿರದ ವ್ಯಾಪಾರ. ಇದು ಲಾಭವಲ್ಲ, ಗಲ್ಲಾಕ್ಕೆ ಬಂದ ಒಟ್ಟು ರೊಕ್ಕ. ತಾಜಾ ತರಕಾರಿ, ಬಿಡಿ ಹಾಲಿನಂಥ ತೆರಿಗೆ ಇಲ್ಲದ ಮಾಲು ಮಾತ್ರ ಮಾರುವವರಿಗೆ ನೋಂದಣಿಯೇ ಬೇಡ.

ಮಿತಿ ದಾಟಿದ ಅಂಗಡಿಯವರಿಗೆ ರಾಜಿ ತೆರಿಗೆ ಪದ್ಧತಿ ಇದೆ: ಒಂದೂವರೆ ಕೋಟಿವರೆಗಿನ ವಹಿವಾಟಿಗೆ ನೂರಕ್ಕೆ ಒಂದು ರೂಪಾಯಿ, ಮೂರು ತಿಂಗಳಿಗೊಮ್ಮೆ ಕಟ್ಟುವುದು. ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. ಇಷ್ಟಕ್ಕೆ ಹೆದರಿ ಬೋರ್ಡು ತೆಗೆದವರ ಅಂಗಡಿಯಿಂದ ನಿಮ್ಮಂಥ, ಜೇಬಲ್ಲಿ ಚಿಲ್ಲರೆ ಇಲ್ಲದ ಹುಡುಗರು ಎದುರಿನ ಬೇಕರಿಗೆ ಹೋಗುತ್ತೀರಿ. ನಷ್ಟ ಅಲ್ಲಿದೆ.

ಪ್ರಶ್ನೆ: ಚೆನ್ನಮ್ಮ ವೃತ್ತದ ಮೇಲ್ಸೇತುವೆ ಮುಗಿದರೆ ಪೇಟೆ ಮೊದಲಿನಂತಾಗುವುದೇ?
– ಓದುಗರು, ಕೇಶ್ವಾಪುರ

ಉತ್ತರ: ಧೂಳು ಕಡಿಮೆಯಾದೀತು. ಆದರೆ ಮೇಲ್ಸೇತುವೆ ದಾಟಿ ಹೋಗುವವರಿಗೆ, ವ್ಯಾಪಾರ ಇಳಿದು ನಿಲ್ಲುವವರಿಂದ. ಕೊಪ್ಪಿಕರ್ ರಸ್ತೆಯಲ್ಲಿ ಗಾಡಿ ಎಲ್ಲಿ ಹಚ್ಚುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಬೇರೆ ಮಾತು ಬೇಡ. ಸಂಜೆ ದುರ್ಗದ ಬೈಲಿಗೆ ಇಂದಿಗೂ ಜನ ಮುಗಿಬೀಳುತ್ತಾರಲ್ಲ, ಅವರು ಬರುವುದು ತಿನ್ನಲು. ತಿಂದವರು ಎರಡು ಹೆಜ್ಜೆ ನಡೆದು ಏನಾದರೂ ಕೊಳ್ಳುತ್ತಾರೆ. ಸುತ್ತಲಿನ ಅಂಗಡಿಯವರು ತಳ್ಳುಗಾಡಿಗಳನ್ನು ಬೈಯುವುದು ಬಿಟ್ಟು ಇದನ್ನೊಮ್ಮೆ ಗಮನಿಸಲಿ.

ಪ್ರಶ್ನೆ: ಆನ್‌ಲೈನಿನಲ್ಲಿ ತರಿಸಿದ ಮಿಕ್ಸರ್ ತಿಂಗಳೊಳಗೆ ಕೆಟ್ಟಿತು. ನಮ್ಮೂರ ಎಲೆಕ್ಟ್ರಿಕಲ್ ಅಂಗಡಿಯವರು "ಅಲ್ಲೇ ತಗೊಂಡೀರಿ, ಅಲ್ಲೇ ಕೇಳ್ರಿ" ಎಂದು ಮುಟ್ಟಲೂ ಇಲ್ಲ. ಅವರ ಮೇಲೆ ದೂರು ಕೊಡಬಹುದೇ?
– ಓದುಗರು, ಅಣ್ಣಿಗೇರಿ

ಉತ್ತರ: ಅವರ ಮೇಲೆ ಏತಕ್ಕೆ? ಮಾರಿದವರು ಅವರಲ್ಲ. ಮೊದಲು ಗ್ಯಾರಂಟಿ ಕಾರ್ಡು ನೋಡಿ ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿರಿ. ಜೊತೆಗೆ ಆ್ಯಪಿನ ದೂರು ಅಧಿಕಾರಿಗೆ ಬರೀರಿ. 2020ರ ಇ-ವಾಣಿಜ್ಯ ನಿಯಮದಂತೆ ಅವರು 48 ಗಂಟೆಯೊಳಗೆ ದೂರು ಬಂತೆಂದು ತಿಳಿಸಬೇಕು, ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಜಗ್ಗದಿದ್ದರೆ ನೀವು ವಾಸವಿರುವ ಧಾರವಾಡ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲಿಯದಾದರೂ ಸರಿ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಬಿಲ್ಲು ಪ್ರಿಂಟ್ ತೆಗೆದಿಡಿರಿ, ಡಬ್ಬಿ ಒಗೆಯಬೇಡಿರಿ.

ಗ್ಯಾರಂಟಿ ಇರುವಾಗ ಹೊರಗೆ ಬಿಚ್ಚಿಸಿದರೆ ಕಂಪನಿಯವರು ಕೈಯೆತ್ತುತ್ತಾರೆ. ಹಾಗಾಗಿ ಅಂಗಡಿಯವರು ಮುಟ್ಟದಿದ್ದುದು ನಿಮಗೇ ಒಳಿತಾಯಿತು. ಅವಧಿ ಮುಗಿದ ಮೇಲೆ ಅವರ ಹತ್ತಿರವೇ ಒಯ್ಯಿರಿ. ಒಂದು ಬಲ್ಬೋ ಎಕ್ಸ್‌ಟೆನ್ಶನ್ ಬಾಕ್ಸೋ ಕೊಂಡು ಆಮೇಲೆ ಮಿಕ್ಸರ್ ಮಾತು ತೆಗೆದರೆ ಬೇಗ ಕೆಲಸವಾಗುತ್ತದೆ.