ಪುಣೆಯಲ್ಲಿ ವಿಮಾನ ಇಳಿಯುವಾಗ ವಿಡಿಯೊ ತಡೆದದ್ದು ಏಕೆ, ಮುಂದಿನ ವಾರ ಮಗನೊಡನೆ ಹೋಗುವಾಗ ಏನು ಮಾಡಬೇಕು?

ಹುಬ್ಬಳ್ಳಿಯಲ್ಲಿ ಯಾರೂ ಆಕ್ಷೇಪಿಸದ ಮೊಬೈಲ್ ವಿಡಿಯೊವನ್ನು ಪುಣೆಯಲ್ಲಿ ತಡೆದು, ಕಿಟಕಿಯ ಪರದೆಯನ್ನೂ ಮುಚ್ಚಿಸಿದ್ದಕ್ಕೆ ಕಾರಣ ಬಹುತೇಕ ಇದೇ: ಪುಣೆಯ ವಿಮಾನ ನಿಲ್ದಾಣವಿರುವ ಲೋಹಗಾಂವ್ ಮೂಲತಃ ವಾಯುಪಡೆಯ ನೆಲೆ. ರನ್‌ವೇ ಮತ್ತು ವಿಮಾನ ಸಂಚಾರ ನಿಯಂತ್ರಣ ವಾಯುಪಡೆಯ ಕೈಯಲ್ಲಿದ್ದು, ನಾಗರಿಕ ವಿಮಾನಯಾನಕ್ಕೆ ಬಿಟ್ಟುಕೊಟ್ಟಿರುವುದು ಟರ್ಮಿನಲ್ ಮತ್ತು ಅದರ ಮುಂದಿನ ನಿಲುಗಡೆ ಜಾಗವಷ್ಟೇ. ಹುಬ್ಬಳ್ಳಿಯದು ನಾಗರಿಕ ನಿಲ್ದಾಣ.

ಹಾರಾಟದ ನಡುವೆ ಪ್ರಯಾಣಿಕರು ಫೋಟೊ ತೆಗೆಯಲು ಸಾಮಾನ್ಯವಾಗಿ ಅಡ್ಡಿಯಿಲ್ಲವಾದರೂ, ರಕ್ಷಣಾ ನೆಲೆಯಲ್ಲಿ ವಿಮಾನ ಏರುವಾಗ, ಇಳಿಯುವಾಗ ಮತ್ತು ನೆಲದ ಮೇಲಿರುವಾಗ ಆ ಅನುಮತಿ ಅನ್ವಯಿಸುವುದಿಲ್ಲ. ಪರದೆಯ ವಿಷಯ ಬೇರೆ. 2025ರ ಮೇ ತಿಂಗಳಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ರಕ್ಷಣಾ ನೆಲೆಗಳಲ್ಲಿ, ಮುಖ್ಯವಾಗಿ ಪಶ್ಚಿಮ ಗಡಿಯ ಕಡೆಯವುಗಳಲ್ಲಿ, ವಿಮಾನ 10,000 ಅಡಿಗಿಂತ ಕೆಳಗಿರುವಾಗ ತುರ್ತು ನಿರ್ಗಮನದ ಸಾಲನ್ನು ಬಿಟ್ಟು ಉಳಿದ ಕಿಟಕಿಗಳನ್ನು ಮುಚ್ಚಿಸುವಂತೆ ಸೂಚಿಸಿತ್ತು. ಇಂಥ ಸೂಚನೆಗಳು ಬದಲಾಗಬಹುದಾದ್ದರಿಂದ ನಿಮ್ಮ ಪ್ರಯಾಣದ ದಿನ ಸಿಬ್ಬಂದಿ ಹೇಳಿದ್ದನ್ನೇ ಪಾಲಿಸಿ.

ಮಗನಿಗೆ ಕಿಟಕಿಯಿಂದ ವಿಡಿಯೊ ಬೇಕಿದ್ದರೆ ಹುಬ್ಬಳ್ಳಿಯಿಂದ ಏರಿದ ಮೇಲೆ, ಫೋನನ್ನು ಫ್ಲೈಟ್ ಮೋಡ್‌ನಲ್ಲಿಟ್ಟು ತೆಗೆಯಲಿ. ಇಳಿಯುವ ಘೋಷಣೆ ಕೇಳಿದೊಡನೆ ಫೋನ್ ಜೇಬಿಗೆ ಹೋಗಬೇಕು, ಟರ್ಮಿನಲ್ ಒಳಗೆ ಕಾಲಿಡುವವರೆಗೂ ಹೊರಬರಬಾರದು. ಮೆಟ್ಟಿಲಿಳಿದು ಬಸ್ಸಿಗೆ ಕಾಯುವಾಗಲೂ ಸೆಲ್ಫಿಗೆ ನಿಲ್ಲಬೇಡಿ. ತೆಗೆದದ್ದನ್ನು ಅಳಿಸಲು ಸಿಬ್ಬಂದಿ ಹೇಳಿದರೆ ವಾದಕ್ಕಿಳಿಯದೆ ಅವರೆದುರೇ ಅಳಿಸಿ, ಅಳಿಸಿದ ಫೈಲುಗಳು ಉಳಿಯುವ ಫೋಲ್ಡರನ್ನೂ ಖಾಲಿ ಮಾಡಿ. ಹಿಂದಿರುಗುವಾಗ ಪುಣೆಯಲ್ಲಿ ವಿಮಾನ ಏರುವ ಹೊತ್ತಿಗೂ ಇದೇ ಕ್ರಮ.