ಓದುಗರ ಪ್ರಶ್ನೆ: ಪ್ಲಗಿನ್ ಬರೆದವನು ಹೋದ, ಇನ್ನು ಯಾರನ್ನು ಕೇಳುವುದು?

ಈ ಸಲ ವೈರ್‌ಶಾರ್ಕ್ ಬಗ್ಗೆಯೇ ಜಾಸ್ತಿ ಪತ್ರ ಬಂದಿವೆ. ಗೊತ್ತಿಲ್ಲದವರಿಗೆ ಒಂದು ಮಾತು. ನೆಟ್‌ವರ್ಕ್‌ನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು ಹಿಡಿದು, ಒಂದೊಂದು ಬೈಟನ್ನೂ ಬಿಡಿಸಿ ತೋರಿಸುವ ಉಚಿತ ಸಾಫ್ಟ್‌ವೇರ್ ಅದು. ಅದಕ್ಕೆ ಗೊತ್ತಿಲ್ಲದ ಪ್ರೋಟೋಕಾಲ್ (ಅಂದರೆ ಬೈಟ್‌ಗಳನ್ನು ಜೋಡಿಸುವ ನಿಯಮ) ನಿಮ್ಮದಾಗಿದ್ದರೆ ನೀವೇ ಒಂದು ಪ್ಲಗಿನ್ ಬರೆದು ಸೇರಿಸಬಹುದು. ಪ್ಲಗಿನ್ ಬರೆಯುವವರಿಗೇನೂ ಬರಗಾಲ ಇಲ್ಲ. ಅದರ ಬಗ್ಗೆ ನಾಲ್ಕು ಸಾಲು ಬರೆದಿಡುವವರಿಗೆ ಉಂಟು.

ಪ್ರಶ್ನೆ: ಮೇಡಂ, ನಮ್ಮದು ಸಣ್ಣ ಕಂಪನಿ. ಮೀನಿನ ಕೋಲ್ಡ್ ಸ್ಟೋರೇಜ್‌ಗಳಿಂದ ತಾಪಮಾನ ಕಳಿಸುವ ಡಿವೈಸ್ ಮಾಡುತ್ತೇವೆ. ಅದರ ಯುಡಿಪಿ (ನೆಟ್‌ವರ್ಕ್‌ನಲ್ಲಿ ಸಂದೇಶ ಕಳಿಸುವ ಒಂದು ವಿಧಾನ) ಪ್ಯಾಕೆಟ್ ಓದಲು ವೈರ್‌ಶಾರ್ಕ್‌ಗೆ ಲೂವಾ ಭಾಷೆಯಲ್ಲಿ ಪ್ಲಗಿನ್ ಉಂಟು. ಬರೆದ ಹುಡುಗ ಬೆಂಗಳೂರಿಗೆ ಹೋದ. ವೈರ್‌ಶಾರ್ಕ್ 4.4 ಹಾಕಿದ ಮೇಲೆ ಬ್ಯಾಟರಿ 80 ಅಂತ ಬರುತ್ತಿದ್ದದ್ದು 80.0 ಅಂತ ಬರತೊಡಗಿತು. ಅದನ್ನು ಸರಿ ಮಾಡಲು ಕೂತವರು ತಾಪಮಾನ ಕೆಡಿಸಿದರು. ಮೈನಸ್ 18.5 ಇರಬೇಕಾದಲ್ಲಿ ಮೈನಸ್ 19 ತೋರಿಸುತ್ತಿದೆ. ಹುಡುಗ ಬಿಟ್ಟುಹೋದ 40 ಪುಟದ ವರ್ಡ್ ಫೈಲನ್ನೂ ಕಳಿಸಿದ್ದೇನೆ. ಇದನ್ನು ಸರಿಯಾಗಿ ಇಟ್ಟುಕೊಳ್ಳುವುದು ಹೇಗೆ?
– ಓದುಗರು, ಬೈಕಂಪಾಡಿ

ಉತ್ತರ: ಮೊದಲು ರೋಗ ಏನು ಅಂತ ಹೇಳಿಬಿಡುತ್ತೇನೆ. 2024ರಲ್ಲಿ ಬಂದ ವೈರ್‌ಶಾರ್ಕ್ 4.4ರಲ್ಲಿ ಲೂವಾ 5.1 ಮತ್ತು 5.2 ತೆಗೆದುಹಾಕಿ 5.3, 5.4ಕ್ಕೆ ಹೋದರು. ಹಳೆಯ ಲೂವಾದಲ್ಲಿ 160ನ್ನು 2ರಿಂದ ಭಾಗಿಸಿದರೆ 80 ಅಂತ ಬರುತ್ತಿತ್ತು. 5.3ರಿಂದ ಈಚೆಗೆ ಒಂದು ಗೆರೆಯ ಭಾಗಾಕಾರಕ್ಕೆ (/) ಯಾವಾಗಲೂ ದಶಮಾಂಶದ ಉತ್ತರ, ಅಂದರೆ 80.0. ನಿಮ್ಮ ಡಿವೈಸ್ ಬ್ಯಾಟರಿಯನ್ನು ಅರ್ಧರ್ಧ ಶೇಕಡಾ ಲೆಕ್ಕದಲ್ಲಿ ಕಳಿಸುತ್ತದೆ, ಹಾಗಾಗಿ ಪ್ಲಗಿನ್ ಅದನ್ನು 2ರಿಂದ ಭಾಗಿಸುತ್ತದೆ. ಎರಡು ಗೆರೆಯ ಭಾಗಾಕಾರ (//) ಹಾಕಿದರೆ ಪೂರ್ಣಾಂಕ ಸಿಗುತ್ತದೆ. ನಿಮ್ಮವರು ಮಾಡಿದ್ದು ಅದನ್ನೇ, ಬ್ಯಾಟರಿಗೆ ಅದು ಸರಿ. ಆದರೆ ಫೈಲಿನಲ್ಲಿ ಎಲ್ಲೆಲ್ಲಿ ಭಾಗಾಕಾರ ಇತ್ತೋ ಅಲ್ಲೆಲ್ಲ ಹಾಕಿದರು. ಎರಡು ಗೆರೆ ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತದೆ. ಮೈನಸ್ 185ನ್ನು 10ರಿಂದ ಹಾಗೆ ಭಾಗಿಸಿದರೆ ಮೈನಸ್ 19.

ಇದು ಬರೀ ಅಂದಚಂದದ ವಿಷಯ ಅಲ್ಲ ಮಾರಾಯ್ರೆ. ಹೆಪ್ಪುಗಟ್ಟಿಸಿದ ಮೀನು ಮೈನಸ್ 18ರಲ್ಲಿ ಅಥವಾ ಅದಕ್ಕಿಂತ ತಣ್ಣಗೆ ಇರಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಈಗ ಸ್ಟೋರೇಜ್‌ನಲ್ಲಿ ಮೈನಸ್ 17.1 ಇದ್ದರೂ ಸ್ಕ್ರೀನ್ ಮೇಲೆ ಮೈನಸ್ 18 ಕಾಣುತ್ತದೆ. ನೋಡಿದವರು ಎಲ್ಲ ಸರಿ ಉಂಟು ಅಂದುಕೊಂಡು ಎದ್ದುಹೋಗುತ್ತಾರೆ.

ಇನ್ನು ವರ್ಡ್ ಫೈಲ್. ಪೂರ್ತಿ ನೋಡಿದೆ. ಅರ್ಧಕ್ಕಿಂತ ಜಾಸ್ತಿ ಪುಟ ವೈರ್‌ಶಾರ್ಕ್ ಇನ್‌ಸ್ಟಾಲ್ ಮಾಡುವ ಚಿತ್ರಗಳು. ಆಮೇಲೆ ಯುಡಿಪಿ ಅಂದರೇನು, ಲೂವಾ ಅಂದರೇನು. ಕಂಕನಾಡಿಗೆ ದಾರಿ ಕೇಳಿದವರಿಗೆ ಬೆಂಗಳೂರಿನಿಂದ ಹೇಳಲು ಶುರು ಮಾಡಿದ ಹಾಗಾಯಿತು. ಕೊನೆಗೆ ಒಂದು ಟೇಬಲ್. ಅದರಲ್ಲಿ ತಾಪಮಾನದ ಎದುರು ಬರೆದಿರುವುದು ‘2 ಬೈಟ್’ ಅಂತ, ಅಷ್ಟೇ. ಅದು ಮೈನಸ್ ಆಗಬಹುದಾ? ಹತ್ತರ ಲೆಕ್ಕವಾ? ಎರಡು ಬೈಟ್‌ನಲ್ಲಿ ಯಾವುದು ಮೊದಲು? ಒಂದೂ ಇಲ್ಲ.

ನಾನು ಹೇಳುವುದು ಇಷ್ಟೇ: ಬೇರೆಯವರು ಈಗಾಗಲೇ ಬರೆದಿಟ್ಟದ್ದನ್ನು ನೀವು ಮತ್ತೆ ಬರೆಯಬೇಡಿ. ವೈರ್‌ಶಾರ್ಕ್‌ನವರ ಡೆವಲಪರ್ಸ್ ಗೈಡ್‌ನಲ್ಲಿ ‘ಫೂ’ ಅಂತ ಒಂದು ಸುಳ್ಳು ಪ್ರೋಟೋಕಾಲ್ ಇಟ್ಟುಕೊಂಡು, ಪೋರ್ಟ್ 1234ರಲ್ಲಿ ಅದನ್ನು ಹಿಡಿದು ಬಿಡಿಸುವುದು ಹೇಗೆ ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳಿಕೊಟ್ಟಿದ್ದಾರೆ. ಲೂವಾದಲ್ಲಿ ಯಾವ ಫಂಕ್ಷನ್ ಏನು ಮಾಡುತ್ತದೆ ಎಂಬುದೂ ಅದರಲ್ಲೇ ಉಂಟು. ಅವರು ಬದಲಾಯಿಸಿದ್ದೆಲ್ಲ ಅಲ್ಲಿಗೆ ಬರುತ್ತದೆ, ನಿಮ್ಮ ವರ್ಡ್ ಫೈಲಿಗೆ ಬರುವುದಿಲ್ಲ. ನಿಮ್ಮ ಡಿವೈಸ್‌ನ ಬೈಟ್‌ಗಳ ಅರ್ಥ ಮಾತ್ರ ಜಗತ್ತಿನಲ್ಲಿ ಬೇರೆ ಯಾರೂ ಬರೆಯಲಾರರು. ಅದನ್ನು ಬರೆಯಿರಿ.

ನಿಮ್ಮ ಫೈಲಿನಿಂದಲೇ ಒಂದು ಪ್ಯಾಕೆಟ್ ತೆಗೆದುಕೊಳ್ಳೋಣ:

01 ಎ0 00 29 ಎಫ್‌ಎಫ್ 47 00 07

ಎಂಟು ಬೈಟ್, ಹದಿನಾರರ ಲೆಕ್ಕದಲ್ಲಿ (ಹೆಕ್ಸ್) ಬರೆದದ್ದು. ಮೊದಲನೆಯದು ಸಂದೇಶದ ಬಗೆ. ಎರಡನೆಯದು ಬ್ಯಾಟರಿ: ಎ0 ಅಂದರೆ 160, ಅದರ ಅರ್ಧ 80. ಆಮೇಲಿನ ಎರಡು ಬೈಟ್ ಕ್ರಮಸಂಖ್ಯೆ, ಇಲ್ಲಿ 41. ಕೊನೆಯ ಎರಡು ಡಿವೈಸ್ ನಂಬರ್, 7. ನಡುವಿನ ಎಫ್‌ಎಫ್ 47 ತಾಪಮಾನ. ಇದನ್ನು ಪ್ಲಸ್-ಮೈನಸ್ ಚಿಹ್ನೆ ಇಲ್ಲದ ಸಂಖ್ಯೆ ಅಂತ ಓದಿದರೆ 65351, ಅಂದರೆ 6535.1 ಡಿಗ್ರಿ, ಕೋಲ್ಡ್ ಸ್ಟೋರೇಜ್ ಸೂರ್ಯನ ಮೇಲ್ಮೈಗಿಂತ ಬಿಸಿ! ಚಿಹ್ನೆ ಇರುವ ಸಂಖ್ಯೆ ಅಂತ ಓದಿದರೆ ಮೈನಸ್ 185, ಹತ್ತರಿಂದ ಭಾಗಿಸಿ ಮೈನಸ್ 18.5. ಈ ಒಂದು ಪ್ಯಾರಾ ನಿಮ್ಮ 40 ಪುಟಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಅದರ ಕೆಳಗೆ ಒಂದು ಸಾಲು ಸೇರಿಸಿ: ‘ತಾಪಮಾನಕ್ಕೆ ಎರಡು ಗೆರೆಯ ಭಾಗಾಕಾರ ಬಳಸಬೇಡಿ, ಮೈನಸ್ 17.1 ಕೂಡ ಮೈನಸ್ 18 ಆಗಿಬಿಡುತ್ತದೆ’. ಏನು ಮಾಡಿದ್ದೇವೆ ಎಂಬುದು ಕೋಡ್ ಓದಿದರೆ ತಿಳಿಯುತ್ತದೆ. ಯಾಕೆ ಹಾಗೆ ಮಾಡಿದ್ದೇವೆ ಎಂಬುದು ತಿಳಿಯುವುದಿಲ್ಲ, ಅಲ್ವಾ?

ವರ್ಡ್ ಫೈಲನ್ನು ಬಿಟ್ಟುಬಿಡಿ. ಪ್ಲಗಿನ್ ಇರುವ ಫೋಲ್ಡರ್‌ನಲ್ಲೇ ಒಂದು ಸಾದಾ ರೀಡ್‌ಮಿ ಫೈಲ್ ಮಾಡಿ, ಎರಡನ್ನೂ ಒಂದೇ ಗಿಟ್ ರೆಪೋದಲ್ಲಿ (ಕೋಡಿನ ಪ್ರತಿ ಬದಲಾವಣೆಯನ್ನೂ ನೆನಪಿಡುವ ಜಾಗ) ಇಡಿ. ಫೀಲ್ಡ್ ಬದಲಾಯಿಸುವ ಕಮಿಟ್‌ನಲ್ಲೇ ರೀಡ್‌ಮಿಯೂ ಬದಲಾಗಬೇಕು, ಇಲ್ಲದಿದ್ದರೆ ಮುಖ್ಯ ಕೋಡ್‌ಗೆ ಸೇರಿಸಬಾರದು (ಮರ್ಜ್). ‘ಡಾಕ್ಯುಮೆಂಟೇಶನ್ ಆಮೇಲೆ ನೋಡೋಣ’ ಅಂದ ಕಡೆ ಆ ಆಮೇಲೆ ಬಂದದ್ದನ್ನು ನಾನಂತೂ ನೋಡಿಲ್ಲ.

ವೈರ್‌ಶಾರ್ಕ್‌ನವರು ಮಾಡುವುದೂ ಇದನ್ನೇ. ಗೆರಾಲ್ಡ್ ಕೂಂಬ್ಸ್ 1998ರಲ್ಲಿ ಈಥೀರಿಯಲ್ ಅಂತ ಶುರು ಮಾಡಿದ್ದು, 2006ರಲ್ಲಿ ಹೆಸರು ಬದಲಾಗಿ ವೈರ್‌ಶಾರ್ಕ್ ಆಯಿತು. ಅಂದಿನಿಂದ ಎಷ್ಟೋ ಜನರ ಕೈ ದಾಟಿದೆ. ಡಿಸೆಕ್ಟರ್ (ಪ್ಯಾಕೆಟ್ ಬಿಡಿಸುವ ಕೋಡ್) ಬರೆಯುವುದಕ್ಕೆ ಒಂದು ರೀಡ್‌ಮಿ, ಪ್ಲಗಿನ್‌ಗೆ ಇನ್ನೊಂದು, ಎಲ್ಲ ಮೂಲ ಕೋಡ್‌ನ ಜೊತೆಗೇ ಇವೆ. ಲೂವಾ ಫಂಕ್ಷನ್‌ಗಳ ವಿವರವನ್ನಂತೂ ಯಾರೂ ಬೇರೆ ಕೂತು ಬರೆಯುವುದಿಲ್ಲ. ಸಿ ಕೋಡ್‌ನ ಒಳಗಿನ ವಿಶೇಷ ಕಾಮೆಂಟ್‌ಗಳನ್ನು ಒಂದು ಸ್ಕ್ರಿಪ್ಟ್ ಎತ್ತಿಕೊಂಡು ಗೈಡ್‌ನ ಅಧ್ಯಾಯ ಮಾಡುತ್ತದೆ. ಫಂಕ್ಷನ್ ತಿದ್ದುವವರ ಕಣ್ಣೆದುರೇ ಅದರ ವಿವರಣೆಯೂ ಇರುತ್ತದೆ. ತಿದ್ದದೆ ಹೋದರೆ ಕೋಡ್ ಪರಿಶೀಲಿಸುವವರು ಕೇಳುತ್ತಾರೆ.

ಪ್ರಶ್ನೆ: ಮೇಡಂ, ಪ್ರಾಜೆಕ್ಟ್‌ಗೆ ಸಿ ಭಾಷೆಯಲ್ಲಿ ವೈರ್‌ಶಾರ್ಕ್ ಪ್ಲಗಿನ್ ಬರೆದೆವು. ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿ ಇದೆ. ರೀಡ್‌ಮಿಯಲ್ಲಿ ಫೋಲ್ಡರ್‌ನ ಪೂರ್ತಿ ಪಾತ್ ಬರೆದಿದ್ದೆ, ಆದರೂ ಫ್ರೆಂಡ್ಸ್ ಹತ್ತಿರ ಲೋಡ್ ಆಗುತ್ತಿಲ್ಲ.
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ನಿಮ್ಮದು 4.2, ಅವರದ್ದು 4.4 ಇರಬೇಕು. ಕಂಪೈಲ್ ಮಾಡಿದ ಪ್ಲಗಿನ್ ತಾನು ಯಾವ ವೈರ್‌ಶಾರ್ಕ್‌ಗೆ ಅಂತ ಮೊದಲ ಎರಡು ಅಂಕಿ ಹೇಳುತ್ತದೆ. ಅದು ಹೊಂದದಿದ್ದರೆ ಒಳಗೆ ಬಿಡುವುದಿಲ್ಲ. ಮೂರನೆಯ ಅಂಕಿ ಬದಲಾದರೆ ತೊಂದರೆ ಇಲ್ಲ, 4.4.1ಕ್ಕೆ ಮಾಡಿದ್ದು 4.4.5ರಲ್ಲೂ ಓಡುತ್ತದೆ. ಫೋಲ್ಡರ್‌ನ ಹೆಸರಿನಲ್ಲೂ ಅದೇ ವರ್ಷನ್ ಇರುವುದರಿಂದ ನೀವು ಬರೆದ ಪಾತ್ ಮುಂದಿನ ವರ್ಷನ್‌ಗೆ ಸುಳ್ಳಾಗುತ್ತದೆ. ಪಾತ್ ಬದಲು ಹೀಗೆ ಬರೆಯಿರಿ: ‘ಹೆಲ್ಪ್ ಮೆನುವಿನಲ್ಲಿ ಅಬೌಟ್ ವೈರ್‌ಶಾರ್ಕ್ ತೆರೆಯಿರಿ, ಫೋಲ್ಡರ್ಸ್ ಟ್ಯಾಬ್ ನೋಡಿ’. ವಿಂಡೋಸ್ ಇರಲಿ, ಉಬುಂಟು ಇರಲಿ, ಅವರವರ ಕಂಪ್ಯೂಟರ್‌ನ ಜಾಗ ಅಲ್ಲೇ ಸಿಗುತ್ತದೆ. ಲೋಡ್ ಆಯಿತಾ ಅಂತ ನೋಡಲು ಪಕ್ಕದ ಪ್ಲಗಿನ್ಸ್ ಟ್ಯಾಬ್. ರೀಡ್‌ಮಿಯ ಮೊದಲ ಸಾಲಿನಲ್ಲೇ ಯಾವ ವರ್ಷನ್‌ಗೆ ಕಂಪೈಲ್ ಮಾಡಿದ್ದು ಅಂತ ಇರಲಿ. ವೈವಾದಲ್ಲಿ ಇದನ್ನೇ ಕೇಳಿದರೆ ನನ್ನ ಹೆಸರು ಹೇಳಬೇಡಿ.

ಪ್ರಶ್ನೆ: ರೀಡ್‌ಮಿಯನ್ನು ಕನ್ನಡದಲ್ಲೇ ಬರೆದರೆ ತಪ್ಪಾ?
– ಓದುಗರು, ಕುಂದಾಪುರ

ಉತ್ತರ: ತಪ್ಪೇನು? ಓದುವವರಿಗೆಲ್ಲ ಕನ್ನಡ ಬರುತ್ತದಾದರೆ ಬರೆಯಿರಿ. ‘ಯಾಕೆ ಹೀಗೆ’ ಅನ್ನುವ ಭಾಗ ಕನ್ನಡದಲ್ಲೇ ಸಲೀಸಾಗಿ ಬರುತ್ತದೆ, ಇಂಗ್ಲಿಷ್‌ನಲ್ಲಿ ಬರೆಯಲು ಕೂತರೆ ಅದನ್ನೇ ಹಾರಿಸಿಬಿಡುವವರು ಜಾಸ್ತಿ. ಪ್ಯಾಕೆಟ್ ಹುಡುಕಲು ಬಳಸುವ ಫಿಲ್ಟರ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರ, ಅಂಕೆ, ಚುಕ್ಕಿ, ಹೈಫನ್, ಅಂಡರ್‌ಸ್ಕೋರ್‌ಗಳಲ್ಲೇ ಇರಬೇಕು. ಒಮ್ಮೆ ಇಟ್ಟ ಆ ಹೆಸರನ್ನು ಸುಮ್ನೆ ಬದಲಾಯಿಸಬೇಡಿ, ಜನ ಉಳಿಸಿಟ್ಟುಕೊಂಡ ಫಿಲ್ಟರ್‌ಗಳೆಲ್ಲ ಕೈಕೊಡುತ್ತವೆ.

ಪ್ರಶ್ನೆ: ಡಾಕ್ಯುಮೆಂಟೇಶನ್ ಜೊತೆ ಮಾದರಿ ಕ್ಯಾಪ್ಚರ್ ಫೈಲ್ (ಹಿಡಿದ ಪ್ಯಾಕೆಟ್‌ಗಳ ಫೈಲ್) ಇಡಬೇಕು ಅಂತ ಸೀನಿಯರ್ ಹೇಳಿದರು. ಗ್ರಾಹಕರ ಆಫೀಸಿನಲ್ಲಿ ಹಿಡಿದ ಫೈಲ್ ಒಂದಿತ್ತು, ಅದನ್ನೇ ಪಬ್ಲಿಕ್ ರೆಪೋದಲ್ಲಿ ಹಾಕಿದ್ದೇನೆ. ಸರಿ ಅಲ್ವಾ?
– ಹೆಸರು ಬೇಡ, ಕೊಡಿಯಾಲ್‌ಬೈಲ್

ಉತ್ತರ: ನಿಮ್ಮ ಸೀನಿಯರ್ ಹೇಳಿದ್ದು ಸರಿ. ನೀವು ಮಾಡಿದ್ದು ಸರಿ ಅಲ್ಲ. ಆ ಫೈಲಿನಲ್ಲಿ ನಿಮ್ಮ ಪ್ರೋಟೋಕಾಲ್ ಮಾತ್ರ ಇರುವುದಿಲ್ಲ. ಅವರ ಐಪಿ ವಿಳಾಸ, ಯಾವ ಸೈಟ್ ನೋಡಿದರು, ಕೆಲವೊಮ್ಮೆ ಪಾಸ್‌ವರ್ಡ್ ಕೂಡ ಇರಬಹುದು.

ಮಾದರಿ ಫೈಲನ್ನು ಕೈಯಲ್ಲೇ ತಯಾರಿಸಿ. ಮೇಲೆ ಬೈಕಂಪಾಡಿಯವರಿಗೆ ತೋರಿಸಿದಂಥ ಒಂದು ಬೈಟ್ ಸಾಲನ್ನು, ಮುಂದೆ 0000 ಅಂತ ಹಾಕಿ, ಟೆಕ್ಸ್ಟ್ ಫೈಲಿನಲ್ಲಿ ಬರೆಯಿರಿ. ಎ, ಎಫ್ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ವೈರ್‌ಶಾರ್ಕ್ ಜೊತೆ ಬರುವ ಟೆಕ್ಸ್ಟ್2ಪಿಕ್ಯಾಪ್‌ಗೆ ಅದನ್ನು ಕೊಟ್ಟು, ಮೈನಸ್ ಯು ಆಯ್ಕೆಯಲ್ಲಿ ಎರಡು ಪೋರ್ಟ್ ನಂಬರ್ ಹೇಳಿದರೆ ಯುಡಿಪಿ ಹೆಡರ್ ಅದೇ ಸೇರಿಸಿಕೊಳ್ಳುತ್ತದೆ. ಮೈನಸ್ ತಾಪಮಾನ, ಸೊನ್ನೆ, ಅರ್ಧಕ್ಕೇ ತುಂಡಾದ ಪ್ಯಾಕೆಟ್, ಹೀಗೆ ತಕರಾರು ಮಾಡುವಂಥವನ್ನೇ ಆರಿಸಿ ಹಾಕಿ. ಆಮೇಲೆ ವೈರ್‌ಶಾರ್ಕ್‌ನ ಕಮಾಂಡ್‌ಲೈನ್ ರೂಪವಾದ ಟಿಶಾರ್ಕ್‌ನಿಂದ ಆ ಫೈಲ್ ಓದಿಸಿ, ಬಂದ ಉತ್ತರವನ್ನು ರೀಡ್‌ಮಿಯಲ್ಲಿ ಅಂಟಿಸಿ. ಹೊಸ ವೈರ್‌ಶಾರ್ಕ್ ಬಂದಾಗ ಮತ್ತೆ ಓಡಿಸಿ ನೋಡಿದರೆ 80ರ ಜಾಗದಲ್ಲಿ 80.0 ಬಂದದ್ದು ಆವತ್ತೇ ಗೊತ್ತಾಗುತ್ತದೆ.

ಹಾಕಿದ ಫೈಲನ್ನು ಡಿಲೀಟ್ ಮಾಡಿದರೆ ಸಾಲದು. ಗಿಟ್‌ನ ಹಳೆಯ ಕಮಿಟ್‌ಗಳಲ್ಲಿ ಅದು ಹಾಗೇ ಕೂತಿರುತ್ತದೆ. ಇವತ್ತೇ ರೆಪೋವನ್ನು ಪ್ರೈವೇಟ್ ಮಾಡಿ, ಹಿಸ್ಟರಿಯಿಂದ ಫೈಲ್ ತೆಗೆಸಿ. ಆಮೇಲೆ ಸೀನಿಯರ್‌ಗೆ ಹೇಳಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಗ್ರಾಹಕರಿಗೆ ಫೋನ್ ಮಾಡಿ.